ಪಿಎಸ್‌2ಗೆ ರಾಸ್ಪ್‌ಬೆರಿ ಪೈ ಜೋಡಿಸಿದ್ದೇನೆ, ವಿಡಿಯೋ ತಡೆತಡೆದು ಬರುತ್ತಿದೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಮೊದಲ ಸಂಬಳದಲ್ಲಿ ಕೊಡಿಸಿದ ಪ್ಲೇಸ್ಟೇಷನ್ 2 ಸ್ಲಿಮ್ (ಪಿಎಸ್‌2) ಗೇಮ್ ಕನ್ಸೋಲ್ ಇನ್ನೂ ಜೋಪಾನವಾಗಿದೆ. ಲೆನ್ಸ್ ಮಾತ್ರ ಹೋಗಿದೆ. ಡಿಸ್ಕ್ ಹಾಕಿದರೆ ಕಟಕಟ ಅಂತ ಸದ್ದು ಮಾಡಿ ಸುಮ್ಮನಾಗುತ್ತದೆ.

ಅದಕ್ಕೆ ನನ್ನ ಡಿಸ್ಕ್‌ಗಳನ್ನೆಲ್ಲ ಐಎಸ್‌ಒ (ಡಿಸ್ಕ್‌ನ ಪೂರ್ತಿ ನಕಲಿರುವ ಫೈಲ್) ಮಾಡಿ ಪೆನ್‌ಡ್ರೈವ್‌ಗೆ ಹಾಕಿ, ಅದನ್ನು ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಚುಚ್ಚಿದ್ದೇನೆ. ಪೈನಿಂದ ಪಿಎಸ್‌2ಗೆ ನೇರ ಲ್ಯಾನ್ ಕೇಬಲ್. ಪಿಎಸ್‌2ನ ಯುಎಸ್‌ಬಿ ಹಳೇ 1.1, ತೀರಾ ನಿಧಾನ ಅಲ್ವಾ, ಅದಕ್ಕೇ ಈ ದಾರಿ. ಪಿಎಸ್‌2ನಲ್ಲಿ ಡಿಸ್ಕ್ ಇಲ್ಲದೆ ಗೇಮ್ ಓಡಿಸುವ ಓಪಿಎಲ್ (ಓಪನ್ ಪಿಎಸ್‌2 ಲೋಡರ್) ಸಾಫ್ಟ್‌ವೇರ್‌ಗೆ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಹಳೇ ಪ್ರೋಟೋಕಾಲ್ ಎಸ್‌ಎಂಬಿ 1 ಬೇಕು, ಪೈನಲ್ಲಿ ಫೈಲ್ ಹಂಚುವ ಸಾಫ್ಟ್‌ವೇರ್ ಸಾಂಬಾದ ಹೊಸ ಆವೃತ್ತಿಯಲ್ಲಿ ಅದು ಬಂದ್ ಆಗಿರುತ್ತದೆ. ಕಾನ್ಫಿಗ್ ಫೈಲ್‌ನಲ್ಲಿ ಕನಿಷ್ಠ ಪ್ರೋಟೋಕಾಲ್ ಎನ್‌ಟಿ1 (ಅಂದರೆ ಎಸ್‌ಎಂಬಿ 1) ಅಂತ ಬರೆದ ಮೇಲೆಯೇ ಗೇಮ್‌ಗಳ ಪಟ್ಟಿ ಕಾಣಿಸಿತು. ಆ ರಾತ್ರಿ ಆದ ಖುಷಿ ಹೇಳತೀರದು.

ಈಗ ಆಟ ಚೆನ್ನಾಗಿ ನಡೆಯುತ್ತದೆ. ಆದರೆ ನಡುನಡುವೆ ಬರುವ ವಿಡಿಯೋಗಳು ತಡೆತಡೆದು ಬರುತ್ತವೆ, ಧ್ವನಿ ಹಿಂದೆ ಬೀಳುತ್ತದೆ. ಕೇಬಲ್ ಬದಲಿಸಿ ನೋಡಿದೆ. ಓಪಿಎಲ್‌ನಲ್ಲಿ ಈಥರ್ನೆಟ್ ಮೋಡ್ ಆಟೋ ಇದ್ದದ್ದನ್ನು 100 ಫುಲ್ ಡುಪ್ಲೆಕ್ಸ್‌ಗೆ ಇಟ್ಟೆ. ಅದೇ ಕತೆ.

ಪೆನ್‌ಡ್ರೈವ್ ಬಿಟ್ಟು ಎಸ್‌ಎಸ್‌ಡಿ ಹಾಕಿದರೆ ಸರಿಹೋಗುತ್ತಾ? ಸಾಂಬಾದಲ್ಲಿ ಇನ್ನೇನಾದರೂ ಬದಲಿಸಬೇಕಾ? ಮಾಡಿ ನೋಡಿದವರಿದ್ದರೆ ದಯವಿಟ್ಟು ನಿಮ್ಮ ಸೆಟ್ಟಿಂಗ್ ಹಾಕಿ. ಮುಂದಿನ ವಾರ ಅಣ್ಣ ಊರಿಗೆ ಬರುತ್ತಿದ್ದಾನೆ, ಇಬ್ಬರೂ ಕೂತು ಆಡಬೇಕು.