ಅಪ್ಪನ ಸ್ಕ್ಯಾನ್ ರಿಪೋರ್ಟ್: ಯುರೇಟರ್, ಯುರೆಥ್ರಾ ಎರಡೂ ಒಂದೇನಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಾನು ಇಂಡಿ ಕಡೆಯವನು. ಅಪ್ಪನಿಗೆ ಎಡಪಕ್ಕೆಯಲ್ಲಿ ತಡೆಯಲಾರದ ನೋವು ಬಂತು ಅಂತ ವಿಜಯಪುರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. ಎಡ ಯುರೇಟರ್‌ನಲ್ಲಿ 5 ಮಿ.ಮೀ. ಹರಳು ಅಂತ ರಿಪೋರ್ಟ್ ಬಂದಿದೆ. ನಮ್ಮ ಕಾಕಾ ಮಾತ್ರ 'ಅದು ಉಚ್ಚೆ ಹೊರಗೆ ಬರೋ ದಾರಿ, ಕಲ್ಲು ಬಾಗಿಲಿಗೇ ಬಂದಿದೆ, ಇವತ್ತು ನಾಳೆ ಬೀಳುತ್ತೆ' ಅಂತಾರೆ. ಹಾಗಾದ್ರೆ ನೋವು ಪಕ್ಕೆಯಲ್ಲಿ ಯಾಕೆ?

ಉತ್ತರ: ಕಾಕಾ ಹೇಳಿದ್ದು ಯುರೆಥ್ರಾ ರೀ. ಮೂತ್ರಚೀಲದಿಂದ ಹೊರಗೆ ಹೋಗುವ ದಾರಿ ಅದು, ಒಂದೇ ಇರುತ್ತೆ. ಯುರೇಟರ್ ಚೀಲಕ್ಕಿಂತ ಮೇಲಿನದು, ಕಿಡ್ನಿಯಿಂದ ಚೀಲಕ್ಕೆ ಮೂತ್ರ ತರುವ ನಾಳ, ಕಿಡ್ನಿಗೊಂದರಂತೆ ಎರಡು. ರಿಪೋರ್ಟಿನಲ್ಲಿ 'ಎಡ' ಅಂತ ಇದೆಯಲ್ಲ, ಅಲ್ಲೇ ಗೊತ್ತಾಗುತ್ತೆ. ಯುರೆಥ್ರಾಕ್ಕೆ ಎಡ ಬಲ ಎಲ್ಲಿಂದ ಬರಬೇಕು?

ಯುರೇಟರ್ 25–30 ಸೆಂ.ಮೀ. ಉದ್ದ, ಆದರೆ ಅಗಲ 3–4 ಮಿ.ಮೀ. ಅಷ್ಟೇ. ಕಿಡ್ನಿಯಿಂದ ಹೊರಡುವಲ್ಲಿ, ಕಾಲಿಗೆ ಇಳಿಯುವ ದೊಡ್ಡ ರಕ್ತನಾಳ ದಾಟುವಲ್ಲಿ, ಚೀಲ ಸೇರುವಲ್ಲಿ ಇನ್ನೂ ಕಿರಿದು, ಹರಳು ಹೆಚ್ಚಾಗಿ ಸಿಕ್ಕಿಬೀಳೋದು ಈ ಮೂರು ಕಡೆಯೇ. ಆಗ ಮೂತ್ರ ಹಿಂದಕ್ಕೆ ಕಟ್ಟಿ ಕಿಡ್ನಿ ಉಬ್ಬುತ್ತೆ, ನಾಳ ಕಲ್ಲನ್ನು ತಳ್ಳೋಕೆ ಹಿಂಡುತ್ತೆ, ನೋವು ಪಕ್ಕೆಯಿಂದ ತೊಡೆಸಂದಿಯವರೆಗೂ ಇಳಿಯುತ್ತೆ. ಯುರೆಥ್ರಾದಲ್ಲಿ ಸಿಕ್ಕಿಕೊಂಡರೆ ಕಥೆಯೇ ಬೇರೆ, ಮೂತ್ರವೇ ನಿಂತುಹೋಗಬಹುದು.

5 ಮಿ.ಮೀ. ಹರಳು ಎಷ್ಟೋ ಸಲ ತಾನಾಗೇ ಬೀಳುತ್ತೆ. ಆದರೆ ಚಳಿಜ್ವರ ಬಂದರೆ, ಮೂತ್ರ ಕಡಿಮೆಯಾದರೆ ಸುಮ್ನೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬೀಳದಿದ್ರೆ ಪೈಪ್ ಹಾಕಬೇಕಾಗಬಹುದು ಅಂದ್ರು ಸರ್. ಓಣಿಯಲ್ಲಿ ಒಬ್ಬ ಅಜ್ಜ ಪೈಪ್ ಹಾಕಿಸಿಕೊಂಡು ಚೀಲ ಹಿಡಿದು ಓಡಾಡ್ತಾರೆ, ಅಪ್ಪ ಅದನ್ನ ನೋಡಿ ಹೆದರಿದ್ದಾರೆ.

ಉತ್ತರ: ಅಜ್ಜನದು ಕ್ಯಾಥೆಟರ್, ಯುರೆಥ್ರಾ ಮೂಲಕ ಮೂತ್ರಚೀಲಕ್ಕೆ ಹಾಕಿರೋದು. ಅಪ್ಪನಿಗೆ ಹೇಳಿರೋದು ಬಹುಶಃ ಡಿಜೆ ಸ್ಟೆಂಟ್. ಅದು ಸಣ್ಣ ಕೊಳವೆ, ಕಿಡ್ನಿಯಿಂದ ಮೂತ್ರಚೀಲದವರೆಗೆ ಯುರೇಟರ್ ಒಳಗೇ ಇರುತ್ತೆ, ಹೊರಗೆ ಚೀಲ ನೇತಾಡಲ್ಲ. ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸಬಹುದು, ಸ್ವಲ್ಪ ಉರಿ ಇರಬಹುದು. ಕಾಣಲ್ಲ ಅಂತ ಎಷ್ಟೋ ಜನ ಅದನ್ನ ಮರೆತೇಬಿಡ್ತಾರೆ, ಆಮೇಲೆ ಅದರ ಮೇಲೇ ಹೊಸ ಹರಳು ಕಟ್ಟುತ್ತೆ. ಹಾಕಿಸಿದರೆ ತೆಗೆಸೋ ತಾರೀಖನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಲಿಂಬೆಹಣ್ಣಿನ ರಸ ಕುಡಿದ್ರೆ ಕರಗುತ್ತಾ ಸರ್?

ಉತ್ತರ: ಲಿಂಬೆಗೆ ಹೆಸರಾದ ಇಂಡಿಯವರು ಇದನ್ನ ಕೇಳದೇ ಬಿಡ್ತೀರಾ! ಲಿಂಬೆಯ ಸಿಟ್ರೇಟ್ ಹೊಸ ಹರಳು ಕಟ್ಟೋದನ್ನ ತಡೆಯೋಕೆ ನೆರವಾಗುತ್ತೆ. ಸಿಕ್ಕಿಕೊಂಡಿರೋ ಕ್ಯಾಲ್ಸಿಯಂ ಹರಳನ್ನ ಕರಗಿಸಲ್ಲ.