ದಾಖಲೆ ತೋರಿಸಿದ ಮೇಲೂ ಡಿಕ್ಕಿ ತೆರೆಸಿದರು, ಮೊಬೈಲ್ ಕೇಳಿದರು: ಪೊಲೀಸರ ಅಧಿಕಾರ ಎಲ್ಲಿಯವರೆಗೆ?

ಪ್ರಶ್ನೆ ಕೇಳಿದವರು: ದೂರದಾರಿ

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ನಾನು, ನನ್ನ ತಾಯಿ ಮತ್ತು ತಂಗಿ ಮದುವೆಯೊಂದನ್ನು ಮುಗಿಸಿಕೊಂಡು ಕಾರಿನಲ್ಲಿ ಹಿಂದಿರುಗುತ್ತಿದ್ದಾಗ, ಹೆದ್ದಾರಿಯಲ್ಲಿ ಬ್ಯಾರಿಕೇಡ್ ಇಟ್ಟುಕೊಂಡು ನಿಂತಿದ್ದ ಪೊಲೀಸರು ಕೈ ತೋರಿಸಿ ನಿಲ್ಲಿಸಿದರು. ನಾನು ವೇಗದ ಮಿತಿ ಮೀರಿರಲಿಲ್ಲ, ಸೀಟ್ ಬೆಲ್ಟ್ ಹಾಕಿದ್ದೆ, ಕುಡಿದಿರಲಿಲ್ಲ. ಕಾರು ನಿಂತ ಕೂಡಲೇ ಒಬ್ಬರು ಕಿಟಕಿಯೊಳಗೆ ಕೈ ಹಾಕಿ ಕೀ ತೆಗೆದುಕೊಂಡರು. ಡಿಜಿಲಾಕರ್‌ನಲ್ಲಿದ್ದ ಚಾಲನಾ ಪರವಾನಗಿ, ಆರ್.ಸಿ. ಮತ್ತು ವಿಮೆಯನ್ನು ತೋರಿಸಿದರೆ, "ಒರಿಜಿನಲ್ ಎಲ್ಲಿ?" ಎಂದು ಗದರಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಡಿಕ್ಕಿ ತೆರೆಸಿ, ಸೂಟ್‌ಕೇಸಿನಲ್ಲಿದ್ದ ಬಟ್ಟೆಗಳನ್ನೆಲ್ಲ ರಸ್ತೆಯ ಪಕ್ಕದಲ್ಲೇ ಹೊರಗೆಳೆದರು. ಅಮ್ಮನ ಔಷಧದ ಡಬ್ಬಿಯ ಮುಚ್ಚಳ ತೆಗೆದು, ಟಾರ್ಚಿನ ಬೆಳಕಿನಲ್ಲಿ ಒಂದೊಂದು ಮಾತ್ರೆಯ ಪಟ್ಟಿಯನ್ನೂ ತಿರುಗಿಸಿ ನೋಡಿದರು. ತಂಗಿಯ ಕೈಚೀಲವನ್ನೂ ಪುರುಷ ಸಿಬ್ಬಂದಿಯೇ ತಡಕಾಡಿದರು. ಕೊನೆಗೆ ನನ್ನ ಮೊಬೈಲಿನ ಲಾಕ್ ತೆಗೆಸಿ ವಾಟ್ಸ್‌ಆ್ಯಪ್ ಸಂದೇಶಗಳನ್ನು ಓದಿದರು. ತಾಯಿ ಹೆದರಿ ಕುಳಿತಿದ್ದರಿಂದ ನಾನು ಎದುರು ಮಾತಾಡದೆ ಲಾಕ್ ತೆಗೆದುಕೊಟ್ಟೆ. ನಲವತ್ತು ನಿಮಿಷಗಳ ನಂತರ ಚಲನ್ ಆಗಲಿ, ಚೀಟಿಯಾಗಲಿ ಏನೂ ಕೊಡದೆ "ಹೋಗಿ" ಎಂದರು. ಹುಡುಕುತ್ತಿದ್ದುದು ಏನನ್ನು ಎಂದು ಈವರೆಗೂ ನನಗೆ ತಿಳಿದಿಲ್ಲ.

ಪೊಲೀಸರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅಂದು ನಾನು ಯಾವುದಕ್ಕೆ ಒಪ್ಪಲೇಬೇಕಿತ್ತು, ಯಾವುದನ್ನು ನಿರಾಕರಿಸಬಹುದಿತ್ತು ಎಂಬುದನ್ನು ಕಾನೂನು ಬಲ್ಲವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ಸೆಷನ್ಸ್_ವಕೀಲೆ

ವಾಹನ ನಿಲ್ಲಿಸುವುದು ಬೇರೆ, ದಾಖಲೆ ಕೇಳುವುದು ಬೇರೆ, ಶೋಧನೆ ನಡೆಸುವುದು ಬೇರೆ. ರಸ್ತೆಯ ಮೇಲೆ ಈ ಮೂರೂ ಒಂದರ ಬೆನ್ನಿಗೊಂದು ನಡೆಯುವುದರಿಂದ, ಒಂದಕ್ಕೆ ಇರುವ ಅಧಿಕಾರ ಉಳಿದೆರಡಕ್ಕೂ ಇದೆ ಎಂದು ಚಾಲಕರೂ ಭಾವಿಸುತ್ತಾರೆ, ಎಷ್ಟೋ ಸಿಬ್ಬಂದಿಯೂ ಭಾವಿಸುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ.

ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವವರು ಚಾಲನಾ ಪರವಾನಗಿಯನ್ನು ತೋರಿಸಲೇಬೇಕು. ಇದು 1988ರ ಮೋಟಾರು ವಾಹನ ಕಾಯ್ದೆಯ 130ನೇ ಕಲಂ. ಇದನ್ನು ನಿರಾಕರಿಸುವ ಹಕ್ಕು ಯಾರಿಗೂ ಇಲ್ಲ. ಆದರೆ "ಒರಿಜಿನಲ್" ಕೇಳಿದ್ದು ತಪ್ಪು. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ 2018ರಲ್ಲಿ ಆದ ತಿದ್ದುಪಡಿಯಿಂದ ಎಲೆಕ್ಟ್ರಾನಿಕ್ ರೂಪದ ದಾಖಲೆಗೂ ಮಾನ್ಯತೆ ಬಂದಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಎಲೆಕ್ಟ್ರಾನಿಕ್ ವಿಧಾನದಲ್ಲಿ ಸರಿಯೆಂದು ದೃಢಪಟ್ಟ ದಾಖಲೆಯ ಕಾಗದದ ಪ್ರತಿಯನ್ನು ತಪಾಸಣೆಗಾಗಿ ಕೇಳುವಂತಿಲ್ಲ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಪ್ರತಿ ಸಾಕು. ಗ್ಯಾಲರಿಯಲ್ಲಿ ಉಳಿಸಿಕೊಂಡ ಫೋಟೊಗೆ ಮಾತ್ರ ಆ ಬೆಲೆ ಇಲ್ಲ ಎಂಬುದನ್ನು ನೆನಪಿಡಿ.

ಇನ್ನು ಶೋಧನೆ. ಡಿಕ್ಕಿ ತೆರೆಸಿ ಸಾಮಾನು ಜಾಲಾಡುವ ಸಾಮಾನ್ಯ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆ ಕೊಟ್ಟಿಲ್ಲ. ಅದಕ್ಕೆ ಬೇರೆ ಕಾನೂನಿನ ಆಸರೆ ಬೇಕು. ಅಪರಾಧವೊಂದರ ತನಿಖೆಗಾಗಿ ವಾರಂಟ್ ಇಲ್ಲದೆ ಶೋಧಿಸಬೇಕಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಮಿನಂತೆ ಠಾಣಾಧಿಕಾರಿ ಅಥವಾ ತನಿಖಾಧಿಕಾರಿಗೆ ಸಕಾರಣವಾದ ನಂಬಿಕೆ ಇರಬೇಕು, ಯಾವ ವಸ್ತುವಿಗಾಗಿ ಹುಡುಕುತ್ತಿದ್ದೇವೆ ಎಂಬುದನ್ನು ಸಾಧ್ಯವಾದಷ್ಟು ಲಿಖಿತದಲ್ಲಿ ದಾಖಲಿಸಬೇಕು, ಶೋಧನೆಯನ್ನು ಆಡಿಯೊ-ವಿಡಿಯೊದಲ್ಲಿ ಸೆರೆಹಿಡಿಯಬೇಕು ಮತ್ತು ಆ ದಾಖಲೆಯ ಪ್ರತಿಯನ್ನು 48 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ನೀವು ಹೇಳಿದಂತೆ ಏನನ್ನು ಹುಡುಕುತ್ತಿದ್ದಾರೆ ಎಂಬುದನ್ನೇ ತಿಳಿಸದೆ ನಲವತ್ತು ನಿಮಿಷ ಸಾಮಾನು ಹರಡಿದ್ದರೆ, ಅದು ಈ ಕಲಮಿನ ಹತ್ತಿರಕ್ಕೂ ಬರುವುದಿಲ್ಲ.

ನಿಮ್ಮ ತಂಗಿಯ ಕೈಚೀಲದ ವಿಷಯ ನನ್ನನ್ನು ಬಹಳ ನೋಯಿಸಿತು. ಮಹಿಳೆಯ ಮೈ ಶೋಧನೆಯನ್ನು ಇನ್ನೊಬ್ಬ ಮಹಿಳೆಯೇ, ಮರ್ಯಾದೆಗೆ ಧಕ್ಕೆ ಬಾರದಂತೆ ನಡೆಸಬೇಕು ಎಂದು ಅದೇ ಸಂಹಿತೆಯ 103ನೇ ಕಲಂ ಹೇಳುತ್ತದೆ. ಚೀಲ ಮೈಯ ಭಾಗವಲ್ಲ ಎಂಬ ತಾಂತ್ರಿಕ ವಾದವನ್ನು ಯಾರಾದರೂ ಮುಂದಿಡಬಹುದು. ಆದರೂ ನಡುರಾತ್ರಿಯಲ್ಲಿ ಹೆಣ್ಣುಮಗಳ ಚೀಲಕ್ಕೆ ಪುರುಷರು ಕೈ ಹಾಕುವುದನ್ನು ನಾನು ಯಾವ ನ್ಯಾಯಾಲಯದಲ್ಲೂ ಸಮರ್ಥಿಸಲಾರೆ. ಮಹಿಳಾ ಸಿಬ್ಬಂದಿ ಬರುವವರೆಗೆ ಕಾಯುತ್ತೇವೆ ಎಂದು ನೀವು ಧೈರ್ಯವಾಗಿ ಹೇಳಬಹುದಿತ್ತು.

ಮೊಬೈಲ್ ನೋಡಿದ್ದಂತೂ ಎಲ್ಲಕ್ಕಿಂತ ಗಂಭೀರ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿದೆ. ತನಿಖೆಯ ವೇಳೆ ಮೊಬೈಲ್ ಶೋಧಿಸಲು ಸಾಮಾನ್ಯವಾಗಿ ಸರ್ಚ್ ವಾರಂಟ್ ಬೇಕು, ತುರ್ತು ಸಂದರ್ಭವಾದರೆ ಕಾರಣವನ್ನು ಬರೆದಿಡಬೇಕು ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದೆ. ತನಿಖೆಯೇ ಇಲ್ಲದ ಕಡೆ ವಾಟ್ಸ್‌ಆ್ಯಪ್ ಓದುವ ಪ್ರಶ್ನೆಯೇ ಏಳುವುದಿಲ್ಲ. ಡಿಜಿಲಾಕರ್ ತೋರಿಸುವಾಗ ಫೋನನ್ನು ಕೈಗೆ ಕೊಡದೆ ಪರದೆಯನ್ನಷ್ಟೇ ತೋರಿಸಿ. ಇದು ಸಣ್ಣ ಮಾತಿನಂತೆ ಕಂಡರೂ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

ಉತ್ತರ: ನಿವೃತ್ತ_ಪಿಎಸ್‌ಐ

ವಕೀಲೆಯವರು ಬರೆದ ಕಾನೂನಿನಲ್ಲಿ ನನಗೆ ತಕರಾರಿಲ್ಲ. ಆದರೆ ಬ್ಯಾರಿಕೇಡಿನ ಆಚೆ ಬದಿಯಲ್ಲಿ ಬಹುಕಾಲ ನಿಂತವನಾಗಿ ಒಂದು ಮಾತನ್ನು ಸೇರಿಸಬೇಕು. ಕೊಲೆ ಮಾಡಿದವನೊಬ್ಬ ಬಿಳಿಯ ಕಾರಿನಲ್ಲಿ ಇದೇ ದಾರಿಯಲ್ಲಿ ಬರುತ್ತಿದ್ದಾನೆ ಎಂದು ವೈರ್‌ಲೆಸ್‌ನಲ್ಲಿ ಸುದ್ದಿ ಬಂದಾಗ, ಬರುವ ಬಿಳಿಯ ಕಾರುಗಳನ್ನೆಲ್ಲ ನಿಲ್ಲಿಸಿ ನೋಡದೆ ಬೇರೆ ದಾರಿ ಇರುವುದಿಲ್ಲ. ಅಂಥ ರಾತ್ರಿ ಒಂದೊಂದು ಡಿಕ್ಕಿಗೂ ಲಿಖಿತ ಕಾರಣ ಬರೆಯುತ್ತ ಕೂರಲು ಆಗುವುದಿಲ್ಲ. ಆದರೆ ಎದುರಿಗಿರುವವರಿಗೆ "ಇಂಥ ಸುದ್ದಿ ಬಂದಿದೆ, ದಯವಿಟ್ಟು ಡಿಕ್ಕಿ ತೆರೆಯಿರಿ" ಎಂಬ ಒಂದು ವಾಕ್ಯ ಹೇಳಲು ಎಷ್ಟು ಹೊತ್ತು ಬೇಕು? ಆ ವಾಕ್ಯ ಹೇಳಿದಾಗ ತೆರೆಯಲು ಒಪ್ಪದವರನ್ನು ನನ್ನ ಸೇವೆಯಲ್ಲಿ ನಾನು ಕಂಡದ್ದು ತೀರಾ ಕಡಿಮೆ. ಆ ವಾಕ್ಯವನ್ನು ಹೇಳದಿದ್ದಾಗಲೇ ಜಗಳವಾದದ್ದು.

ಕೀ ಕಿತ್ತುಕೊಳ್ಳುವುದನ್ನು ನಾನು ಎಂದೂ ಒಪ್ಪಿದವನಲ್ಲ. ಪರವಾನಗಿ ಅಥವಾ ನೋಂದಣಿ ಇಲ್ಲದ ವಾಹನವನ್ನು ಮೋಟಾರು ವಾಹನ ಕಾಯ್ದೆಯ 207ನೇ ಕಲಮಿನಡಿ ವಶಕ್ಕೆ ಪಡೆಯುವಾಗ ಕೀ ನಮ್ಮ ಬಳಿ ಇರಬೇಕಾಗುತ್ತದೆ. ಅದು ಬೇರೆ ವಿಷಯ. ಮಾತು ಶುರುವಾಗುವ ಮೊದಲೇ ಕಿಟಕಿಯೊಳಗೆ ಕೈ ಹಾಕುವುದಕ್ಕೆ ಯಾವ ಕಲಮೂ ಇಲ್ಲ. 2025ರ ಮೇ ತಿಂಗಳಿನಲ್ಲಿ ಮಂಡ್ಯದಲ್ಲಿ ತಪಾಸಣೆಯ ವೇಳೆ ಬೈಕಿನಿಂದ ಬಿದ್ದು ಪುಟ್ಟ ಮಗುವೊಂದು ತೀರಿಕೊಂಡ ನಂತರ, ಕಣ್ಣಿಗೆ ಕಾಣುವ ನಿಯಮ ಉಲ್ಲಂಘನೆ ಇಲ್ಲದೆ ಬರೀ ದಾಖಲೆಗಾಗಿ ವಾಹನ ತಡೆಯಬಾರದು, ಹಠಾತ್ತನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು ಎಂದು ರಾಜ್ಯ ಪೊಲೀಸ್ ಮುಖ್ಯಸ್ಥರು ಸೂಚನೆ ಹೊರಡಿಸಿದ್ದಾರೆ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಚಾಲಕರಿಗೂ ಒಂದು ವಿನಂತಿ. ಅಧಿಕಾರಿಯ ಹೆಸರಿನ ಪಟ್ಟಿ ನೋಡಿ, ಹೆಸರು ಕೇಳಿ, ಕಾರಣ ಕೇಳಿ, ಬೇಕಾದರೆ ದೂರದಿಂದ ವಿಡಿಯೊ ಮಾಡಿ. ಆದರೆ ಅಧಿಕಾರಿಯ ಮೇಲೆ ಕೈ ಮಾಡಬೇಡಿ, ತಳ್ಳಬೇಡಿ, ಬ್ಯಾರಿಕೇಡ್ ತಪ್ಪಿಸಿ ಓಡಬೇಡಿ. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂಬುದು ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಮಿನ ಅಪರಾಧ, ಬಲ ಪ್ರಯೋಗಿಸಿದರೆ 132ನೇ ಕಲಮೂ ಸೇರುತ್ತದೆ. ಆಗ ಶೋಧನೆ ಸರಿಯೋ ತಪ್ಪೋ ಎಂಬುದು ಹಿಂದೆ ಸರಿದು, ನೀವೇ ಆರೋಪಿಯಾಗುತ್ತೀರಿ. ಉಸಿರು ಪರೀಕ್ಷೆಯನ್ನೂ ನಿರಾಕರಿಸಬೇಡಿ. ಕುಡಿದಿದ್ದಾರೆ ಎಂಬ ಸಕಾರಣ ಸಂಶಯವಿದ್ದಾಗ ಮೋಟಾರು ವಾಹನ ಕಾಯ್ದೆಯ 203ನೇ ಕಲಮಿನಂತೆ ಅದನ್ನು ಕೇಳುವ ಅಧಿಕಾರ ಇದೆ, ಮತ್ತು ಕಾರಣವಿಲ್ಲದೆ ನಿರಾಕರಿಸಿದರೆ 205ನೇ ಕಲಮಿನಂತೆ ಅದೇ ನಿಮಗೆ ವಿರುದ್ಧವಾಗಿ ನಿಲ್ಲುತ್ತದೆ. ಆದರೆ ಕುಡಿದು ವಾಹನ ಓಡಿಸಿದ ಆರೋಪದಲ್ಲಿ ವಾರಂಟ್ ಇಲ್ಲದೆ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಲೇಬೇಕು, ಆಗದಿದ್ದರೆ ಬಿಡಬೇಕು. ಇದು 202ನೇ ಕಲಮಿನಲ್ಲಿದೆ, ಆದರೆ ಬಂಧಿತರಲ್ಲಿ ಇದನ್ನು ಬಲ್ಲವರು ವಿರಳ.

ಉತ್ತರ: ಸರಕು_ಸಾರಥಿ

ನಾನು ಸರಕು ಸಾಗಣೆಯ ವಾಹನದ ಚಾಲಕ, ಈಗ ಮಾಲೀಕನೂ ಹೌದು. ಕಾರಿನವರನ್ನು ವರ್ಷಕ್ಕೊಮ್ಮೆ ನಿಲ್ಲಿಸಿದರೆ ನಮ್ಮನ್ನು ದಿನಕ್ಕೆ ಮೂರು ಸಲ ನಿಲ್ಲಿಸುತ್ತಾರೆ, ಆದ್ದರಿಂದ ಅನುಭವದ ಮಾತನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ತಪಾಸಣೆಯಲ್ಲಿ ನನ್ನ ಪರವಾನಗಿಯನ್ನು ತೆಗೆದಿಟ್ಟುಕೊಂಡು "ನಾಳೆ ಬಂದು ತೆಗೆದುಕೊಂಡು ಹೋಗು" ಎಂದರು. ಚೀಟಿ ಕೇಳಲು ನನಗೆ ಗೊತ್ತಿರಲಿಲ್ಲ. ಮರುದಿನ ಹೋದರೆ ಅಂಥ ಪರವಾನಗಿಯೇ ಬಂದಿಲ್ಲ ಎಂದರು. ಹನ್ನೊಂದು ದಿನ ಗಾಡಿ ನಿಂತಿತು, ಬಾಡಿಗೆ ಕೈತಪ್ಪಿತು, ಆ ತಿಂಗಳ ಕಂತು ಕಟ್ಟಲು ಹೆಂಡತಿಯ ಬಳೆ ಅಡವಿಟ್ಟೆ.

ಆಮೇಲೆ ಓದಿ ತಿಳಿದುಕೊಂಡೆ. ಮೋಟಾರು ವಾಹನ ಕಾಯ್ದೆಯ 206ನೇ ಕಲಮಿನಡಿ ಪರವಾನಗಿಯನ್ನು ವಶಪಡಿಸಿಕೊಂಡರೆ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಲೇಬೇಕು, ಪರವಾನಗಿ ಹಿಂದಿರುಗುವವರೆಗೆ ಆ ಪತ್ರದ ಮೇಲೆ ಗಾಡಿ ಓಡಿಸಬಹುದು. ಈಗ ಅಧಿಕಾರಿ ಪರವಾನಗಿ ಹಿಡಿದುಕೊಂಡರೆ ನಾನು ಕೈ ಮುಗಿದು, "ಸ್ವಾಮಿ, ಸ್ವೀಕೃತಿ ಬರೆದುಕೊಡಿ" ಎನ್ನುತ್ತೇನೆ. ಪರವಾನಗಿಯನ್ನು ಮನೆಯಲ್ಲೇ ಮರೆತಿದ್ದರೂ 139ನೇ ನಿಯಮದಂತೆ 15 ದಿನಗಳೊಳಗೆ ತಲುಪಿಸಲು ಅವಕಾಶವಿದೆ. ಆದರೆ ನಮ್ಮಂಥ ಸಾರಿಗೆ ವಾಹನಗಳ ಆರ್.ಸಿ. ಮತ್ತು ಅರ್ಹತಾ ಪತ್ರದ ವಿಷಯದಲ್ಲಿ ಈ ರಿಯಾಯಿತಿ ಹಾಗೆಯೇ ಸಿಗುವುದಿಲ್ಲ, ಅವನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ.

ಮರುಪ್ರಶ್ನೆ: ದೂರದಾರಿ

ಮೂವರಿಗೂ ಧನ್ಯವಾದಗಳು. ಸರಕು ಸಾರಥಿಯವರ ಅನುಭವ ಓದಿ ನನ್ನ ನಲವತ್ತು ನಿಮಿಷ ಏನೂ ಅಲ್ಲ ಎನಿಸಿತು. ಒಂದು ಸಂಶಯ ಉಳಿದಿದೆ. ಶೋಧನೆಯೇ ಕಾನೂನುಬಾಹಿರವಾಗಿದ್ದರೆ ಅದರಲ್ಲಿ ಸಿಕ್ಕಿದ ವಸ್ತುವನ್ನು ನ್ಯಾಯಾಲಯ ತಳ್ಳಿಹಾಕುತ್ತದೆಯೇ? ಮಾದಕ ವಸ್ತುವನ್ನು ಯಾರೋ ಇಟ್ಟು ಸಿಕ್ಕಿಸಿದರೆ ಎಂಬ ಭಯ ತಾಯಿಗೆ ಇನ್ನೂ ಹೋಗಿಲ್ಲ.

ಉತ್ತರ: ಸೆಷನ್ಸ್_ವಕೀಲೆ

ಶೋಧನೆ ಕ್ರಮಬದ್ಧವಾಗಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯ ತಾನಾಗಿ ಬಿದ್ದುಹೋಗುವುದಿಲ್ಲ. 1974ರ ಪೂರನ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಮೆರಿಕದ ವಿಡಿಯೊಗಳನ್ನು ನೋಡಿ, ಶೋಧನೆ ತಪ್ಪಾಗಿದ್ದರೆ ಕೇಸೇ ನಿಲ್ಲುವುದಿಲ್ಲ ಎಂದು ನಮ್ಮ ಕಕ್ಷಿದಾರರು ನಂಬಿಕೊಂಡು ಬರುತ್ತಾರೆ. ನಮ್ಮಲ್ಲಿ ಹಾಗಿಲ್ಲ ಎಂದು ಅವರಿಗೆ ತಿಳಿಸುವುದು ನನಗೆ ಪ್ರತಿ ಸಲವೂ ಕಷ್ಟವಾಗುತ್ತದೆ.

ಮಾದಕ ವಸ್ತುಗಳ ಕಾಯ್ದೆ ಮಾತ್ರ ಹೆಚ್ಚು ಕಟ್ಟುನಿಟ್ಟು. ಮೈ ಶೋಧನೆಗೆ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧನೆಗೆ ಒಳಗಾಗುವ ಹಕ್ಕಿದೆ ಎಂದು 50ನೇ ಕಲಮಿನಂತೆ ಆ ವ್ಯಕ್ತಿಗೆ ತಿಳಿಸಲೇಬೇಕು. ಆದರೆ ವಾಹನಕ್ಕೂ ಚೀಲಕ್ಕೂ ಆ ಕಲಂ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ವಾಹನದ ವಿಷಯದಲ್ಲಿ ನಿಮ್ಮ ರಕ್ಷಣೆ 42ನೇ ಕಲಮಿನಲ್ಲಿದೆ: ಸಿಕ್ಕ ಮಾಹಿತಿಯನ್ನು ಅಧಿಕಾರಿ ಬರೆದುಕೊಳ್ಳಬೇಕು, ಅದರ ಪ್ರತಿಯನ್ನು 72 ಗಂಟೆಗಳೊಳಗೆ ಮೇಲಧಿಕಾರಿಗೆ ಕಳುಹಿಸಬೇಕು. ಸಾರ್ವಜನಿಕ ರಸ್ತೆಯಲ್ಲಿ ನಿಂತಿದ್ದರೂ ಖಾಸಗಿ ವಾಹನ "ಸಾರ್ವಜನಿಕ ಸ್ಥಳ" ಆಗುವುದಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿ, ಈ ಕಲಂ ಪಾಲಿಸದ ಕಾರಣಕ್ಕೆ ಜೀಪಿನಲ್ಲಿದ್ದ ಆರೋಪಿಗಳನ್ನು ಬಿಡುಗಡೆ ಮಾಡಿದೆ. ಸಿಕ್ಕಿಸುವ ಭಯಕ್ಕೆ ನಿಜವಾದ ಮದ್ದು ಪಂಚರ (ಶೋಧನೆಗೆ ಸಾಕ್ಷಿಗಳಾಗಿ ನಿಂತವರ) ಸಹಿ ಇರುವ ಜಪ್ತಿ ಪಟ್ಟಿ ಮತ್ತು ವಿಡಿಯೊ. ಡಿಕ್ಕಿ ತೆರೆಯುವಾಗ ನೀವೇ ಪಕ್ಕದಲ್ಲಿ ನಿಲ್ಲಿ, ತಾಯಿಯ ಜೊತೆ ಮುಂದಿನ ಸೀಟಿನಲ್ಲಿ ಕೂತಿರಬೇಡಿ.

ದೂರು ಕೊಡಬೇಕೆಂದರೆ ಮೊದಲು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಿರಿ. ಪೊಲೀಸ್ ಸುಧಾರಣೆ ಕುರಿತು ಸುಪ್ರೀಂ ಕೋರ್ಟ್ ನೀಡಿದ 2006ರ ಪ್ರಕಾಶ್ ಸಿಂಗ್ ತೀರ್ಪಿನ ನಿರ್ದೇಶನದಂತೆ ಸ್ಥಾಪಿತವಾದ ಪೊಲೀಸ್ ದೂರು ಪ್ರಾಧಿಕಾರವೂ ಇದೆ. 139ನೇ ನಿಯಮದ ಈಗಿನ ರೂಪದಲ್ಲಿ, ದಾಖಲೆ ತಪಾಸಣೆ ಮಾಡಿದ ದಿನಾಂಕ, ಸಮಯ ಮತ್ತು ಅಧಿಕಾರಿಯ ಗುರುತು ಪೋರ್ಟಲ್‌ನಲ್ಲಿ ದಾಖಲಾಗಬೇಕು. ಅದನ್ನೇ ಮಾಹಿತಿ ಹಕ್ಕಿನಡಿ ಕೇಳಿ.

ದೂರದಾರಿ

ಅರ್ಜಿ ಸಿದ್ಧಪಡಿಸಿದ್ದೇನೆ. ದಿನಾಂಕ, ಸ್ಥಳದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಮತ್ತು ನಿಲ್ಲಿಸಿದ ಸಮಯವನ್ನು ನಮೂದಿಸಿ, ಅಂದಿನ ತಪಾಸಣೆಯ ದಾಖಲೆ, ಕರ್ತವ್ಯದಲ್ಲಿದ್ದ ಸಿಬ್ಬಂದಿಯ ಪಟ್ಟಿ ಮತ್ತು ಶೋಧನೆಗೆ ಬರೆದಿಟ್ಟ ಕಾರಣವಿದ್ದರೆ ಅದರ ಪ್ರತಿಯನ್ನು ಕೇಳಿದ್ದೇನೆ. ತಂಗಿಯೂ ತನ್ನ ಹೆಸರಿನಲ್ಲಿ ಪ್ರತ್ಯೇಕ ದೂರು ಬರೆದಿದ್ದಾಳೆ. ಸೋಮವಾರ ಎರಡನ್ನೂ ನೋಂದಾಯಿತ ಅಂಚೆಯಲ್ಲಿ ಕಳುಹಿಸುತ್ತೇವೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.