ಮೂರನೇ ಅಧ್ಯಾಯ ಆದ್ಮೇಲೆ ಯಾರೂ ಓದ್ತಿಲ್ಲ, ತಿದ್ಲಾ ಇಲ್ಲಾ ಮುಂದಕ್ಕೆ ಬರೀಲಾ?

ಅರ್ಧಕಥೆ:
ಎಲ್ರಿಗೂ ನಮಸ್ಕಾರ. ಒಂದು ಕಥೆ ಬರೀತಿದೀನಿ, ಅಪ್ಪ ಸತ್ತ ಮೇಲೆ ಹಳೇ ಮನೆ ಮಾರೋಕೆ ಅಂತ ಅಕ್ಕ ತಮ್ಮ ವಾಪಸ್ ಬರ್ತಾರೆ, ಅಲ್ಲಿಂದ ಶುರು. ಬರ್ದಂಗೆ ಬರ್ದಂಗೆ ವಾರಕ್ಕೊಂದು ಅಧ್ಯಾಯ ಹಾಕ್ತೀನಿ. ಮೊದಲ್ನೇದಕ್ಕೆ ಸುಮಾರು ಜನ ಬಂದ್ರು, ಎರಡನೇದಕ್ಕೆ ಅರ್ಧಕ್ಕರ್ಧ ಕಮ್ಮಿ, ಮೂರನೇದಕ್ಕೆ ಬರೀ ಮೂರು ಜನ, ಅದ್ರಲ್ಲಿ ಒಬ್ಳು ನನ್ ತಂಗಿ. ಕಾಮೆಂಟ್ ನೋಡಿದ್ರೆ ಎಲ್ಲಾ "ಸೂಪರ್", "ಮುಂದಿನ ಭಾಗ ಯಾವಾಗ" ಇಷ್ಟೇ. ಒಬ್ರು ಮಾತ್ರ "ಸ್ವಲ್ಪ ಎಳ್ದಂಗಿದೆ" ಅಂದ್ರು, ಅದನ್ನ ಓದಿ ಎರಡು ದಿನ ಫೈಲೇ ಓಪನ್ ಮಾಡ್ಲಿಲ್ಲ ನಾನು. ಈಗ ಹಳೇ ಮೂರು ಅಧ್ಯಾಯ ತಿದ್ದಿ ಮತ್ತೆ ಹಾಕ್ಲಾ, ಅಥ್ವಾ ಮುಂದಕ್ಕೆ ಹೋಗ್ಲಾ? ಇನ್ನೊಂದು, ಯಾರಾದ್ರೂ ಕದ್ದು ಅವರ ಹೆಸರಲ್ಲಿ ಹಾಕ್ಕೊಂಡ್ರೆ ಏನ್ ಮಾಡೋದು?

ಹಳೇಪೆನ್ನು:
ಮೊದಲ್ನೇ ಅಧ್ಯಾಯದಿಂದ ಎರಡನೇದಕ್ಕೆ ಜನ ಉದುರೋದು ಎಲ್ರಿಗೂ ಆಗತ್ತೆ, ಸುಮ್ನೆ ಇಣುಕಿ ನೋಡಿ ಹೋಗೋರೇ ಜಾಸ್ತಿ. ಎರಡನೇದು ಪೂರ್ತಿ ಓದಿದೋರು ಮೂರನೇದಕ್ಕೆ ಯಾಕೆ ಬರ್ಲಿಲ್ಲ ಅನ್ನೋದು ನೋಡ್ಬೇಕಾಗಿರೋದು. ನಿಮ್ ಎರಡನೇ ಅಧ್ಯಾಯ ಓದ್ದೆ, ಅಕ್ಕನ ಬಾಲ್ಯ, ಮದ್ವೆ, ಜಗಳ ಎಲ್ಲಾ ಅಲ್ಲೇ ಸುರಿದುಬಿಟ್ಟಿದೀರ. ಮನೆ ಮಾರ್ತಾರಾ ಇಲ್ವಾ ಅನ್ನೋದು ತಲೇಲಿ ಇಟ್ಕೊಂಡು ಬಂದೋನಿಗೆ ಇಪ್ಪತ್ತು ವರ್ಷದ ಹಿಂದಿನ ಕಥೆ ಹೇಳ್ತಾ ಕೂತ್ರೆ ಅವ್ನು ಎದ್ದು ಹೋಗ್ತಾನೆ. ಹಿಂದಿನ ಕಥೆ ಬೇಡ ಅಂತಲ್ಲ, ಓದೋನೇ "ಇವಳ್ಯಾಕೆ ಹಿಂಗಾಡ್ತಾಳೆ" ಅಂತ ಕೇಳೋ ತನಕ ಕೈಲಿಟ್ಕೊಳ್ಳಿ.

ಹಾಕೋದು ಸದ್ಯಕ್ಕೆ ನಿಲ್ಸಿ. ಅರ್ಧ ಬರ್ದಿರೋದನ್ನ ಹಾಕಿದ್ರೆ ಒಂಬತ್ತನೇ ಅಧ್ಯಾಯಕ್ಕೆ ಬಂದಾಗ ತಮ್ಮನ ಕೈಲಿ ಬೀಗದ ಕೈ ಇರ್ಬೇಕಿತ್ತು ಅಂತ ಗೊತ್ತಾಗತ್ತೆ, ಆದ್ರೆ ಮೊದಲ್ನೇದ್ರಲ್ಲಿ ಅದನ್ನ ಕಳ್ದುಹಾಕಿರ್ತೀರ. ಹಳೇದನ್ನ ತಿದ್ತಾ ಕೂತ್ರೆ ಕೊನೇ ತನಕ ಹೋಗೋದೇ ಇಲ್ಲ, ನಂದೇ ಹಂಗೆ ಎರಡು ಕಥೆ ಸತ್ತಿದಾವೆ. ಕೆಟ್ಟದಾಗಾದ್ರೂ ಸರಿ, ಕೊನೆ ಮುಟ್ಟಿಸಿ, ಆಮೇಲೆ ತಿದ್ದಿ.

ಶಾಯಿಕಲೆ:
ಹಳೇಪೆನ್ನು ಸರ್ ಹೇಳಿದ್ದು ಒಪ್ತೀನಿ, ಆದ್ರೆ ಅರ್ಧಕಥೆ, "ಹೆಂಗಿದೆ" ಅಂತ ಕೇಳಿದ್ರೆ ಯಾರ್ ತಾನೆ ಚೆನ್ನಾಗಿಲ್ಲ ಅಂತಾರೆ? ಎಲ್ಲಿ ಫೋನ್ ಕೆಳಗಿಟ್ರಿ ಅಂತ ಕೇಳಿ. ಯಾವ ಸಾಲು ಎರಡು ಸಲ ಓದ್ಬೇಕಾಯ್ತು, ಮುಂದೆ ಏನಾಗತ್ತೆ ಅನ್ಸತ್ತೆ, ಯಾರ್ ಮೇಲೆ ಸಿಟ್ಟು ಬಂತು. ಇದಕ್ಕೆ ಮುಲಾಜಿಲ್ದೆ ಉತ್ರ ಬರತ್ತೆ ಯಾಕಂದ್ರೆ ಅವ್ರು ನಿಮ್ ಬರವಣಿಗೆಗೆ ಮಾರ್ಕ್ಸ್ ಕೊಡ್ತಿಲ್ಲ, ತಮ್ಗೇನಾಯ್ತು ಅಂತ ಹೇಳ್ತಿದಾರೆ ಅಷ್ಟೇ.

ನನ್ ಕಥೆಗೆ ಒಬ್ರು, ಐದನೇ ಅಧ್ಯಾಯದ ಜಗಳ ಸುಳ್ಳು ಅನ್ಸತ್ತೆ, ಅದನ್ನ ತೆಗೀರಿ ಅಂದ್ರು. ನಾನು ಆ ಜಗಳನ ಆರು ಸಲ ಬರ್ದೆ, ಪ್ರತಿ ಸಲ ಇನ್ನೂ ಜೋರಾಗಿ ಕೂಗಿಸ್ದೆ, ಏನೂ ಆಗ್ಲಿಲ್ಲ. ಆಮೇಲೆ ಗೊತ್ತಾಯ್ತು, ಆ ಇಬ್ರು ಗೆಳತೀರು ಚೆನ್ನಾಗಿದ್ದಿದ್ದನ್ನ ನಾನು ಎಲ್ಲೂ ತೋರ್ಸೇ ಇರ್ಲಿಲ್ಲ, ಮುರಿಯೋಕೆ ಏನಾದ್ರೂ ಇರ್ಬೇಕಲ್ಲ. ಎರಡನೇ ಅಧ್ಯಾಯದಲ್ಲಿ ಒಂದು ಪುಟ ಸೇರಿಸ್ದೆ, ಜಗಳ ಮುಟ್ಲೇ ಇಲ್ಲ, ಸರಿಹೋಯ್ತು. ಅವ್ರಿಗೆ ನೋವಿದ್ದಿದ್ದು ನಿಜ, ಔಷಧಿ ಮಾತ್ರ ತಪ್ಪು ಹೇಳಿದ್ರು. ಹಂಗಾಗಿ "ಎಳ್ದಂಗಿದೆ" ಅಂದೋರ ಹತ್ರ ವಾದ ಮಾಡ್ಬೇಡಿ, "ನಾನು ಅಲ್ಲಿ ಏನ್ ಹೇಳೋಕೆ ಹೊರಟಿದ್ದೆ ಅಂದ್ರೆ" ಅಂತ ಶುರು ಮಾಡಿದ್ರೆ ಅವ್ರು ಇನ್ಮೇಲೆ ನಿಜ ಹೇಳಲ್ಲ.

ಗಟ್ಟಿಯಾಗ್‌ಓದಿ:
ನಂದು ಒಂದೇ ಕಂಪ್ಲೇಂಟ್, ನಿಮ್ ಅಕ್ಕ ತಮ್ಮ ಮಾತಾಡಲ್ಲ, ಭಾಷಣ ಮಾಡ್ತಾರೆ. "ನಮ್ಮ ತಂದೆ ತೀರಿಕೊಂಡು ಮೂರು ತಿಂಗಳಾಯಿತಲ್ಲವೇ" ಅಂತ ಅಕ್ಕ ತಮ್ಮನಿಗ್ಯಾಕ್ ಹೇಳ್ತಾಳೆ, ಅವ್ನಿಗ್ ಗೊತ್ತಿಲ್ವಾ? ಅದು ಓದೋರಿಗೆ ಹೇಳಿರೋದು, ಸಿಕ್ಕಿಬೀಳತ್ತೆ. ನಿರೂಪಣೆ ಗ್ರಾಂಥಿಕದಲ್ಲಿರ್ಲಿ ಬೇಕಾದ್ರೆ, ಮಾತು ಬಾಯಲ್ಲಿ ಬರೋ ತರ ಇರ್ಲಿ. "ನೀನು ನನ್ನನ್ನು ಎಂದಿಗೂ ಅರ್ಥ ಮಾಡಿಕೊಳ್ಳಲಿಲ್ಲ" ಅನ್ನೋ ಕಡೆ "ನಿಂಗೆಲ್ಲಿ ಗೊತ್ತಾಗತ್ತೆ ಬಿಡು" ಅಂದ್ರೆ ಸಾಕಲ್ವಾ. ಆಮೇಲೆ ಪ್ರತಿ ಮಾತಿಗೂ ಉದ್ಗರಿಸಿದಳು, ಗದ್ಗದಿಸಿದನು ಅಂತ ಹಾಕ್ಬೇಡಿ ಪ್ಲೀಸ್, "ಅಂದ" "ಅಂದ್ಳು" ಯಾರ ಕಣ್ಣಿಗೂ ಬೀಳಲ್ಲ, ಅದೇ ಬೇಕಾಗಿರೋದು. ಬಾಗ್ಲು ಹಾಕ್ಕೊಂಡು ಜೋರಾಗಿ ಓದಿ, ನಾಲಿಗೆ ಎಲ್ಲಿ ತಡವರಿಸತ್ತೋ ಅಲ್ಲಿ ಗೆರೆ ಹಾಕಿ.

ಹಳೇಪೆನ್ನು:
ಕದಿಯೋದ್ರ ಬಗ್ಗೆ ಕೇಳಿದ್ರಲ್ಲ, ಮರ್ತೆ. ಬರೆಯೋರ ಹಕ್ಕು ಕಾಯೋಕೆ ದೇಶದೇಶಗಳು ಮಾಡ್ಕೊಂಡಿರೋ 1886ರ ಬರ್ನ್ ಒಪ್ಪಂದ ಅಂತಿದೆ, ಅದಕ್ಕೆ ಸೇರಿರೋ ದೇಶಗಳಲ್ಲಿ ಕಾಪಿರೈಟ್‌ಗೆ ನೋಂದಣಿ ಮಾಡ್ಸಲೇಬೇಕು ಅಂತಿಲ್ಲ, ಬರ್ದಿಟ್ರೆ ನಿಮ್ದೇ. ಆದ್ರೆ ಅದು ನೀವು ಬರ್ದಿರೋ ಸಾಲುಗಳಿಗೆ, ಮನೆ ಮಾರೋ ಅಕ್ಕ ತಮ್ಮ ಅನ್ನೋ ಐಡಿಯಾಗಲ್ಲ. ತಾರೀಖಿರೋ ಹಳೇ ಡ್ರಾಫ್ಟ್ ಡಿಲೀಟ್ ಮಾಡ್ಬೇಡಿ. ನಾನಾಗಿದ್ರೆ ಕಳ್ಳರಿಗಿಂತ ಇದಕ್ಕೆ ಹೆದರ್ತಿದ್ದೆ: ಎಲ್ರಿಗೂ ಕಾಣೋ ಹಂಗೆ ಹಾಕಿರೋದನ್ನ ಎಷ್ಟೋ ಪತ್ರಿಕೆ, ಸ್ಪರ್ಧೆಯೋರು ಈಗಾಗ್ಲೇ ಪ್ರಕಟವಾಗಿದೆ ಅಂತ ತಗೊಳ್ಳಲ್ಲ. ಕಳಿಸೋ ಆಸೆ ಇದ್ರೆ ನಾಲ್ಕೈದು ಜನಕ್ಕೆ ಮಾತ್ರ ಕೊಟ್ಟು ಓದ್ಸಿ.

ಅರ್ಧಕಥೆ:
ಎಲ್ರಿಗೂ ಥ್ಯಾಂಕ್ಸ್. ಶಾಯಿಕಲೆ ಅವರೇ, ನಿನ್ನೆ ರಾತ್ರಿ ತಂಗಿನ ಕೇಳ್ದೆ, ಎಲ್ಲಿ ಫೋನ್ ಕೆಳಗಿಟ್ಟೆ ಅಂತ. ಎರಡನೇ ಅಧ್ಯಾಯದ ಮದ್ವೆ ಹತ್ರವಂತೆ, ಅಲ್ಲಿಂದ ಮುಂದೆ ಓದೇ ಇಲ್ವಂತೆ! ಮೂರಕ್ಕೂ "ಸೂಪರ್" ಹಾಕಿದಾಳೆ ಪುಣ್ಯಾತ್ಗಿತ್ತಿ. ಆ ಮದ್ವೆ ನಾಲ್ಕು ಪುಟ ಇದೆ, ನಂಗೆ ತುಂಬಾ ಇಷ್ಟವಾದ ಭಾಗ ಅದು.

ಶಾಯಿಕಲೆ:
ಡಿಲೀಟ್ ಮಾಡ್ಬೇಡಿ, ಬೇರೆ ಫೈಲ್‌ಗೆ ಹಾಕಿಡಿ. ನಂದು ಅಂಥ ಫೈಲ್ ಕಥೆಗಿಂತ ದೊಡ್ಡದಿದೆ.